ಅಡಿಕೆ ಸುಲಿಯೋ ಮನೆಯಲ್ಲಿ ಕೂತು ಕೇಳಿದ ಮಾತು ಸಂಶೋಧನೆ ಆಗುತ್ತಾ?

ಮಳೆಗಾಲದ_ವಿದ್ಯಾರ್ಥಿನಿ:

ಎಲ್ಲರಿಗೂ ನಮಸ್ಕಾರ. ಸಮಾಜಶಾಸ್ತ್ರದಲ್ಲಿ ಪಿಎಚ್.ಡಿ. ಮಾಡ್ತಿದೀನಿ. ಊರು ಹೊಸನಗರ ತಾಲ್ಲೂಕು, ಓದು ಬೇರೆ ಜಿಲ್ಲೆಯಲ್ಲಿ. ವಿಷಯ ಇಷ್ಟು: ಅಡಿಕೆ ಸುಲಿಯೋಕೆ ಬರೋ ಹೆಂಗಸರಿಗೆ ರಾಜಕೀಯದ ಸುದ್ದಿ ಯಾವ ದಾರೀಲಿ ಬರುತ್ತೆ, ಬಂದಮೇಲೆ ಅವರ ಬಾಯಲ್ಲಿ ಅದು ಏನಾಗುತ್ತೆ. ಶೀರ್ಷಿಕೆಯಲ್ಲಿ ‘ಡಿಜಿಟಲ್ ರಾಜಕೀಯ ಸಂವಹನ’ ಅಂತ ದೊಡ್ಡ ಮಾತಿದೆ. ನೋಂದಣಿ ಆಗೋಕೆ ಅದು ಬೇಕಿತ್ತು, ಇರಲಿ.

ಮಾರ್ಗದರ್ಶಕರು ಕೇಳ್ತಿರೋದು 300 ಜನರ ಪ್ರಶ್ನಾವಳಿ. ‘ಪೂರ್ತಿ ಒಪ್ಪುತ್ತೇನೆ’ಯಿಂದ ‘ಸ್ವಲ್ಪವೂ ಒಪ್ಪುವುದಿಲ್ಲ’ದವರೆಗೆ ಐದು ಚೌಕ, ಒಂದಕ್ಕೆ ಟಿಕ್. ಅದರಲ್ಲಿ ಒಂದು ವಾಕ್ಯ ಹೀಗಿದೆ: “ವಾಟ್ಸಾಪ್‌ನಲ್ಲಿ ಬರುವ ರಾಜಕೀಯ ಸಂದೇಶಗಳನ್ನು ನಾನು ಪರಿಶೀಲಿಸಿದ ನಂತರವೇ ಇತರರಿಗೆ ಕಳುಹಿಸುತ್ತೇನೆ.” ಪರೀಕ್ಷೆಗೆ ಅಂತ ನಮ್ಮ ದೊಡ್ಡಮ್ಮಂಗೆ ಓದಿ ಹೇಳಿದೆ. ಅವಳು ಮದುವೆ ಆಗಿ ಬಂದಾಗಿಂದ ಸುಲಿಯೋಕೆ ಹೋಗ್ತಾಳೆ. “ನಾ ಎಂಥ ಕಳಿಸ್ತೀನೇ, ಕೈ ತುಂಬ ಚೊಗರು” ಅಂದ್ಲು, ಅಂದ್ರೆ ಅಡಿಕೆಯ ಅಂಟು ಕಲೆ. ಸ್ವಲ್ಪ ಹೊತ್ತು ಬಿಟ್ಟು, “ಒಪ್ತೀನಿ ಅಂತ ಬರ್ಕೋ. ನಿಂಗೆ ಪಾಸಾಗೋಕೆ ಯಾವ್ದು ಬೇಕೋ ಅದು” ಅಂತ ಸೇರಿಸಿದಳು. 300 ದೊಡ್ಡಮ್ಮಂದಿರು ಹೀಗೇ ಟಿಕ್ ಹಾಕಿಸಿದರೆ ಕೋಷ್ಟಕ ಚೆನ್ನಾಗೇ ಬರುತ್ತೆ. ಪಿಎಚ್.ಡಿ.ನೂ ಆಗುತ್ತೆ.

ನಂಗೆ ಇರೋ ಯೋಚನೆ ಬೇರೆ. ಈ ಸಲ ದೀಪಾವಳಿ ಕಳೆದು ಕೊಯ್ಲು ಶುರುವಾದಾಗ ಒಂದೆರಡು ಮನೆಯಲ್ಲಿ ನಾನೂ ಮೆಟ್ಟುಗತ್ತಿ (ಕಾಲಲ್ಲಿ ಮೆಟ್ಟಿ ಅಡಿಕೆ ಸುಲಿಯೋ ಕತ್ತಿ) ಹಿಡಿದು ಕೂತು, ಸುಲೀತಾ ಕೇಳ್ತಾ ಹೋಗೋದು. ಮಾರ್ಗದರ್ಶಕರು “ಅದು ಹರಟೆ, ದತ್ತಾಂಶ ಅಲ್ಲ” ಅಂದ್ರು. ನಿಜವಾಗ್ಲೂ ಅಲ್ವಾ? ಇನ್ನೊಂದು: ಅಪ್ಪಣೆ ಯಾರದ್ದು ಕೇಳಬೇಕು, ತೋಟದವರದ್ದೋ ಹೆಂಗಸರದ್ದೋ? ಅವರ ಫೋನಿಗೆ ಬರೋ ಫಾರ್ವರ್ಡ್‌ಗಳನ್ನ ನನ್ನ ಫೋನಿಗೆ ಹಾಕ್ಕೊಳ್ಳಬಹುದಾ? ಅನುಭವ ಇದ್ದವರು ಹೇಳಿ.

ರಾಶಿ_ಇಡಿ:

ಮೆಟ್ಟುಗತ್ತಿ ಮುಂದೆ ಕೂರೋ ಮೊದ್ಲು ಒಂದು ಟಿ.ಟಿ. ಇಂಜೆಕ್ಷನ್ ಹಾಕಿಸ್ಕೊಳ್ಳಿ, ತಮಾಷೆ ಅಲ್ಲ. ಮತ್ತೆ, ಹೋಗೋದಾದ್ರೆ ಈ ವರ್ಷವೇ ಹೋಗಿ. ನಮ್ಮ ಚನ್ನಗಿರಿ ಕಡೆ ಮೆಟ್ಟುಗತ್ತಿ ಎಲ್ಲ ಅಟ್ಟ ಸೇರಿದೆ. ತೋಟ ಖೇಣಿಗೆ (ಮರದಲ್ಲಿರೋ ಫಸಲಿನ ಗುತ್ತಿಗೆ) ಹೋಗುತ್ತೆ, ಖೇಣಿದಾರ ಮಷಿನ್ ತರ್ತಾನೆ, ಕತೆ ಮುಗೀತು. ನಿಮ್ಮ ಪ್ರಬಂಧ ಮುಗಿಯೋ ಹೊತ್ತಿಗೆ ಅದು ಇತಿಹಾಸ ವಿಭಾಗಕ್ಕೆ ಹೋಗಿರುತ್ತೆ.

ನಾಲ್ಕೆಕರೆ_ತೋಟ:

ನಾನು ತೀರ್ಥಹಳ್ಳಿ ಕಡೆಯವ, ಅಡಿಕೆಯೇ ಜೀವನ. ಬೇಜಾರಾಗಬೇಡಿ, ಒಂದು ಮಾತು. ಈ ಥರದ ಸಂಶೋಧನೆಗೆ ಬಂದವರು ನಮ್ಮ ಅಂಗಳದಲ್ಲಿ ಕೂತು, ನಮ್ಮ ಕಾಫಿ ಕುಡಿದು, ಆಮೇಲೆ ‘ಭೂಮಾಲೀಕ ವರ್ಗ’ ಅಂತ ಬರೀತಾರೆ. ನಾಲ್ಕೆಕರೆಯ ವರ್ಗ ಯಾವುದು ಸ್ವಾಮಿ? ಮಳೆಗಾಲದಲ್ಲಿ ಕೊಳೆರೋಗ, ಅದು ಬಿಟ್ಟರೆ ಎಲೆಚುಕ್ಕಿ ರೋಗ. ಬೋರ್ಡೋ ಔಷಧಿ ಹೊಡೆಯೋಕೆ ಜನ ಇಲ್ಲ, ಕೊನೆ (ಅಡಿಕೆ ಗೊನೆ) ತೆಗೆಯೋಕೆ ಜನ ಇಲ್ಲ. ಮರ ಹತ್ತಿ ಕೊನೆ ಇಳಿಸೋ ಕೊನೆಗೌಡ ಫೋನ್ ಎತ್ತಿದ್ರೆ ಆ ದಿನ ಹಬ್ಬ ನಮಗೆ. ಕೊನೆ ಇಳಿಸಿದ ಮೇಲೆ ಒಂದೆರಡು ದಿನದೊಳಗೆ ಸುಲಿದು ಬೇಯಿಸದಿದ್ರೆ ಮಾಲು ಕೆಡುತ್ತೆ, ಬಣ್ಣ ಬರಲ್ಲ. ಬಣ್ಣ ಬರದಿದ್ರೆ ಮಂಡಿಯಲ್ಲಿ ಒಳ್ಳೇ ದರ್ಜೆಯ ರಾಶಿ ಇಡಿಯ ರೇಟು ಎಲ್ಲಿ, ಕೆಳ ದರ್ಜೆಯ ಗೊರಬಲಿನ ರೇಟು ಎಲ್ಲಿ. ಹಾಗಾಗಿ ರಾತ್ರಿ ಹನ್ನೊಂದರವರೆಗೂ ದೀಪ ಹಾಕಿ ಸುಲಿಸ್ತೀವಿ. ಊಟ, ಚಾ, ಎಲೆ ಅಡಿಕೆ ಎಲ್ಲ ಕೊಟ್ಟು.

ಇನ್ನು ನಿಮ್ಮ ವಿಷಯ. ನಮ್ಮ ಮನೇಲಿ ಸುಲಿಯೋ ಹೆಂಗಸರು ರಾಜಕೀಯ ಮಾತಾಡಿದ್ದು ನಾ ಕೇಳಿಲ್ಲ. ಸೀರಿಯಲ್ಲು, ಸೊಸೆ, ಯಾರದ್ದೋ ಮದುವೆ, ಸ್ವಸಹಾಯ ಸಂಘದ ಕಂತು. ಇಷ್ಟೇ. ನಾ ಅಲ್ಲೇ ಓಡಾಡ್ಕೊಂಡು ಇರ್ತೀನಲ್ಲ, ಕಿವಿಗೆ ಬೀಳ್ತಿರಲಿಲ್ವಾ? ಬನ್ನಿ, ಕೂತ್ಕೊಳ್ಳಿ, ನಂದೇನೂ ಅಡ್ಡಿ ಇಲ್ಲ. ಆದ್ರೆ ಇಲ್ಲದ್ದನ್ನ ಹುಡುಕಬೇಡಿ.

ಸಾಗರದ_ಮೇಷ್ಟ್ರು:

ಮಗಾ, ನೀನು ಅಂತ ಕರೆದರೆ ಬೇಸರ ಇಲ್ಲ ತಾನೆ. ಪದವಿ ಕಾಲೇಜಲ್ಲಿ ಸಮಾಜಶಾಸ್ತ್ರ ಹೇಳಿಕೊಟ್ಟು ನಿವೃತ್ತನಾದವ ನಾನು. ಗೇಣಿದಾರರ ಮನೆಯಲ್ಲಿ ಹುಟ್ಟಿದವ. ಹಾಗಾಗಿ ಮೇಲಿನ ತೋಟದವರು ಹೇಳಿದ್ದನ್ನೂ ಗೌರವದಿಂದಲೇ ಓದಿದೆ.

ಮೊದಲನೆಯದು, ‘ಹರಟೆ ದತ್ತಾಂಶ ಅಲ್ಲ’ ಅನ್ನೋದು. ರಾಜಕೀಯ ಸಂವಹನದ ಸಂಶೋಧನೆ ಬೇರು ಬಿಟ್ಟಿದ್ದೇ ಹರಟೆ ಮುಖ್ಯ ಅಂತ ಗೊತ್ತಾದ ಮೇಲೆ. 1940ರಲ್ಲಿ ಅಮೆರಿಕದ ಒಹಾಯೊ ರಾಜ್ಯದ ಈರಿ ಕೌಂಟಿಯಲ್ಲಿ ಪಾಲ್ ಲಾಜರ್ಸ್‌ಫೆಲ್ಡ್ ಮತ್ತು ಅವರ ಜೊತೆಯವರು 600 ಮತದಾರರ ಒಂದು ಗುಂಪು ಹಿಡಿದು, ಮೇ ತಿಂಗಳಿಂದ ನವೆಂಬರ್ ವರೆಗೆ ಅದೇ ಜನರನ್ನ ಮತ್ತೆ ಮತ್ತೆ ಮಾತಾಡಿಸಿದರು. ರೂಸ್‌ವೆಲ್ಟ್ ಮತ್ತು ವಿಲ್ಕಿ ನಡುವಿನ ಚುನಾವಣೆ ಅದು. ರೇಡಿಯೊ, ಪತ್ರಿಕೆ ಜನರ ಮನಸ್ಸನ್ನ ಹೇಗೆ ತಿರುಗಿಸ್ತವೆ ನೋಡೋಣ ಅಂತ ಹೊರಟವರು. ನೋಡಿದರೆ ತಿರುಗಿದವರೇ ಕಮ್ಮಿ. ತಿರುಗಿದವರಲ್ಲೂ ಬಹಳ ಜನಕ್ಕೆ ಕಾರಣ ಮನೆಯವರು, ನೆರೆಯವರು, ಜೊತೆಗೆ ಕೆಲಸ ಮಾಡೋರು. ಸುದ್ದಿ ನೇರ ಬರೋದಿಲ್ಲ, ನಡುವೆ ಒಬ್ಬ ಆಳು ಇರ್ತಾನೆ ಅಂತ ಆಮೇಲೆ ಅದಕ್ಕೊಂದು ಸಿದ್ಧಾಂತವೇ ಕಟ್ಟಿದರು. ನಿಮ್ಮ ಮಾರ್ಗದರ್ಶಕರಿಗೆ ಇದನ್ನ ತೋರಿಸು. ಸರ್ವೆ ಮಾಡಿದವರೇ ಕಡೆಗೆ ಬಂದು ನಿಂತದ್ದು ನಾಲ್ಕು ಜನ ಕೂತು ಮಾತಾಡೋ ಜಾಗಕ್ಕೆ. ಅವರು ಸಿಟ್ಟಾಗೋ ಹಾಗೂ ಇಲ್ಲ, ಅಂಕಿಸಂಖ್ಯೆ ಹಾಕಿಯೇ ತೋರಿಸಿದ್ದು.

ಎರಡನೆಯದು ನಿನಗೆ ಹೆಚ್ಚು ಬೇಕಾದ್ದು. ಜೇಮ್ಸ್ ಸ್ಕಾಟ್ ಅನ್ನೋ ರಾಜ್ಯಶಾಸ್ತ್ರಜ್ಞ 1978ರಿಂದ 80ರವರೆಗೆ ಮಲೇಷ್ಯಾದ ಕೆಡಾ ರಾಜ್ಯದ ಒಂದು ಭತ್ತದ ಹಳ್ಳಿಯಲ್ಲಿ ಇದ್ದ. ಹಳ್ಳಿಗೆ ಸೆಡಾಕಾ ಅಂತ ಬೇರೆ ಹೆಸರಿಟ್ಟು ಬರೆದ. ಆಗಷ್ಟೇ ಕೊಯ್ಲಿನ ದೊಡ್ಡ ಮಷಿನ್ ಬಂದು ಬಡವರ ಕೂಲಿ ಕಿತ್ತುಕೊಂಡಿತ್ತು. ಉಳ್ಳವರ ಎದುರು ಬಡವರು ಆಡೋ ಮಾತು ಒಂದು, ಅವರು ಅತ್ತ ಹೋದಮೇಲೆ ಆಡೋ ಮಾತು ಇನ್ನೊಂದು. ನಾಟಿ ಮಾಡೋ ಹೆಂಗಸರ ಗುಂಪುಗಳು ಮಷಿನ್ ಕರೆಸಿದವರ ಗದ್ದೆಗೆ ಹೋಗೋದನ್ನ ತಪ್ಪಿಸೋಕೆ ನೋಡಿದವು. ಬಹಿಷ್ಕಾರ ಅಂತ ಬಾಯಿ ಬಿಟ್ಟು ಹೇಳಲಿಲ್ಲ. ‘ಈ ವಾರ ಆಗಲ್ಲ’, ‘ಬೇರೆ ಕಡೆ ಒಪ್ಪಿಕೊಂಡಿದೀವಿ’ ಅನ್ನೋ ಧಾಟಿ. ಗೆದ್ದರಾ ಅಂದರೆ ಇಲ್ಲ. ಮಷಿನ್ ಉಳೀತು. ಆದರೆ ಪ್ರಶ್ನಾವಳಿ ಹಿಡಿದು ಹೋಗಿದ್ದರೆ ಇಂಥದ್ದೊಂದು ನಡೆದಿದೆ ಅನ್ನೋದೇ ಅವನಿಗೆ ಗೊತ್ತಾಗ್ತಿರಲಿಲ್ಲ.

ತೋಟದವರೇ, ನೀವು ಅಲ್ಲೇ ಓಡಾಡ್ಕೊಂಡು ಇರ್ತೀರಿ ಅಂದಿರಲ್ಲ, ಅದೇ ಉತ್ತರ. ನಿಮ್ಮ ಮೇಲೆ ಆರೋಪ ಅಲ್ಲ. ನಮ್ಮಪ್ಪನೂ ಒಡೆಯರು ಬಂದರೆ ಮಳೆ ಬೆಳೆ ಮಾತಾಡ್ತಿದ್ದ.

ಮೂರನೆಯದು, ನೀನು ‘ರಾಜಕೀಯ’ ಅಂದರೆ ಪಕ್ಷ, ಚುನಾವಣೆ, ಫಾರ್ವರ್ಡ್ ಅಂತಷ್ಟೇ ಹಿಡಿದಿದೀಯ ಅನ್ನಿಸ್ತು. ನಮ್ಮೂರಿನ ಹತ್ತಿರ ಕಾಗೋಡಿದೆ. 1951ರಲ್ಲಿ ಅಲ್ಲಿ ಸತ್ಯಾಗ್ರಹ ಎದ್ದದ್ದು ಗೇಣಿ ಭತ್ತ ಅಳೆಯೋ ಕೊಳಗದ ಅಳತೆ ಮೇಲೆ. ಲೋಹಿಯಾ ಬಂದು ಬಂಧನ ಆಗಿದ್ದು, ಗಣಪತಿಯಪ್ಪನವರು ಗೇಣಿದಾರರನ್ನ ಕಟ್ಟಿದ್ದು, ಗೋಪಾಲಗೌಡರು ಮುಂದೆ ಶಾಸನಸಭೆಯಲ್ಲಿ ಮಾತಾಡಿದ್ದು, 1974ರಲ್ಲಿ ಅರಸು ಕಾಲದ ಭೂಸುಧಾರಣೆ ತಿದ್ದುಪಡಿ, ಎಲ್ಲದರ ಹಿಂದೆ ಒಂದು ಅಳತೆಯ ಪಾತ್ರೆ ಕೂತಿದೆ. ಇವತ್ತು ಸುಲಿಯೋರಿಗೆ ಕೂಲಿ ಡಬ್ಬದ ಲೆಕ್ಕದಲ್ಲೋ ಕೆಜಿ ಲೆಕ್ಕದಲ್ಲೋ ಸಿಗುತ್ತೆ. ಡಬ್ಬ ಅಂಚಿಗೆ ಸಮನಾಗಿ ತುಂಬಬೇಕೋ, ಗೋಪುರ ಬರಬೇಕೋ? ಅಲುಗಾಡಿಸಿ ಅಳೀತಾರೋ, ಹಾಗೇ ಅಳೀತಾರೋ? ಅದನ್ನ ಯಾರು ಯಾರಿಗೆ ಯಾವ ದನಿಯಲ್ಲಿ ಹೇಳ್ತಾರೆ ಕೇಳು. ನಿನ್ನ ರಾಜಕೀಯ ಸಂವಹನ ಅಲ್ಲಿಂದ ಶುರು. ಅದನ್ನ ಬಿಟ್ಟು ವಾಟ್ಸಾಪ್ ಒಂದನ್ನೇ ನೋಡಿದರೆ, ಇಡೀ ಕಾಗೋಡು ಚಳವಳಿಯನ್ನ ಕರಪತ್ರದಿಂದ ಆಯ್ತು ಅಂದ ಹಾಗೆ.

ಮಲೆನಾಡಿನ ಅಡಿಕೆ ಕೂಲಿ ಮೇಲೆ ಹಳೆಯ ಕೆಲಸವೂ ಇದೆ. ಎಡ್ವರ್ಡ್ ಹಾರ್ಪರ್ ಅನ್ನೋ ಅಮೆರಿಕದ ಮಾನವಶಾಸ್ತ್ರಜ್ಞ 1959ರಲ್ಲೇ ನಮ್ಮ ಕಡೆಯ ಒಂದು ಅಡಿಕೆ ಹಳ್ಳಿಯನ್ನ ಹಿಡಿದು ಬರೆದಿದ್ದ: ವರ್ಷಕ್ಕೊಮ್ಮೆ ಕಾಳು ಅಳೆದು ಕೊಡೋ ಜಜಮಾನಿ ಪದ್ಧತಿ ಬೇರೆ, ಮಾರೋ ಬೆಳೆ ಇರೋ ಮಲೆನಾಡಲ್ಲಿ ನಡೆಯೋ ವ್ಯವಹಾರ ಬೇರೆ, ಇಲ್ಲಿ ದುಡ್ಡಿನ ಲೆಕ್ಕ ಹೆಚ್ಚು ಅಂತ. ಅದನ್ನ ಓದಿಕೊಂಡು ಹೋಗು. ದೊಡ್ಡಮ್ಮನ ಕೂಲಿ ಲೆಕ್ಕ ಪಕ್ಕದಲ್ಲಿಟ್ಟು ನೋಡಿದರೆ ಎಷ್ಟು ಬದಲಾಗಿದೆ, ಎಷ್ಟು ಇಲ್ಲ ಅಂತ ಕಾಣುತ್ತೆ.

300ರ ಬಗ್ಗೆ ಜಗಳ ಬೇಡ. ಮೊದಲ ಕೊಯ್ಲಲ್ಲಿ ಕೂತು ಕೇಳು, ಅವರ ಮಾತಿನಿಂದಲೇ ಪ್ರಶ್ನೆ ಮಾಡು, ಎರಡನೇ ಕೊಯ್ಲಲ್ಲಿ 300 ಜನಕ್ಕೆ ಕೇಳು. ಮತ ಯಾರಿಗೆ ಅಂತ ಕೇಳೋದಾದರೆ ಬಾಯಲ್ಲಿ ಹೇಳಿಸಬೇಡ. ಚುನಾವಣಾ ಅಧ್ಯಯನ ಮಾಡೋ ಲೋಕನೀತಿ ಸಂಸ್ಥೆಯವರು ಚುನಾವಣೆ ಆದಮೇಲೆ ಮಾಡೋ ಸರ್ವೆಯಲ್ಲಿ ನಕಲಿ ಮತಪತ್ರ ಕೊಟ್ಟು ಡಬ್ಬಿಗೆ ಹಾಕಿಸ್ತಾರೆ. ಹಾಗೆ ಮಾಡು.

ಇನ್ನೊಂದು ಬಿಟ್ಟೆ. ಜನಗಣತಿಯಲ್ಲಿ ವರ್ಷಕ್ಕೆ ಆರು ತಿಂಗಳು, ಅಂದರೆ 183 ದಿನ, ಕೆಲಸ ಮಾಡಿದವರು ಮಾತ್ರ ಮುಖ್ಯ ಕೆಲಸಗಾರರು, ಉಳಿದವರು ಅಲ್ಪಾವಧಿಯವರು. ಸುಲಿಯೋದು ಮಾತ್ರ ಮಾಡೋ ಹೆಂಗಸರು ಆ ಗೆರೆ ದಾಟೋದೇ ಇಲ್ಲ. ‘ಉದ್ಯೋಗ’ ಅಂತ ನಿನ್ನ ಪ್ರಶ್ನಾವಳಿಯಲ್ಲಿ ಒಂದೇ ಚೌಕ ಇದ್ದರೆ ಅವರು ‘ಮನೆಕೆಲಸ’ ಅಂತ ಬರೆಸ್ತಾರೆ. ತಿಂಗಳು ತಿಂಗಳಿಗೂ ಬೇರೆ ಬೇರೆ ಕೇಳು: ಸುಗ್ಗಿಗೆ ಎಂಥ, ನಾಟಿಗೆ ಎಂಥ, ಮಳೆಗಾಲಕ್ಕೆ ಎಂಥ.

ನೋಟ್ಸನ್ನ ಎರಡು ಕಡೆ ಇಡು. ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ 1948ರಲ್ಲಿ ಮೈಸೂರು ಕಡೆಯ ರಾಮಪುರ ಅನ್ನೋ ಹಳ್ಳಿಯಲ್ಲಿ ಕೂತು ಮಾಡಿದ ಕೆಲಸದ ಟಿಪ್ಪಣಿಗಳು 1970ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಯಾರೋ ಇಟ್ಟ ಬೆಂಕಿಗೆ ಸುಟ್ಟು ಹೋದವು. ಅವರು ನೆನಪಿಂದ ಬರೆದರು. ಅವರು ಶ್ರೀನಿವಾಸ್, ಬರೆದರು.

ಕಾಲಂ_ಎಂಟು:

ಶಿವಮೊಗ್ಗದಲ್ಲಿ ಪತ್ರಿಕೆ ಕೆಲಸ. ಫಾರ್ವರ್ಡ್ ಪ್ರಶ್ನೆಗೆ ಮಾತ್ರ ಉತ್ತರ.

ಹಾಕ್ಕೊಳ್ಳಬೇಡಿ. ಒಬ್ಬರ ಫೋನಲ್ಲಿ ಗುಂಪಿನ ಸಂದೇಶ ಇದೆ ಅಂದ್ರೆ ಅದರಲ್ಲಿ ಇನ್ನೂರು ಜನರ ಹೆಸರು, ನಂಬರು, ಫೋಟೊ ಇರುತ್ತೆ. ಆ ಇನ್ನೂರು ಜನ ನಿಮಗೆ ಒಪ್ಪಿಗೆ ಕೊಟ್ಟಿಲ್ಲ. ಗುಂಪಿಗೆ ನೀವೇ ಸೇರಿ ಸುಮ್ಮನೆ ಕೂತು ಸ್ಕ್ರೀನ್‌ಶಾಟ್ ತೆಗೆಯೋದು ಇನ್ನೂ ಕೆಟ್ಟದ್ದು, ಊರಲ್ಲಿ ಗೊತ್ತಾದ ದಿನ ನಿಮ್ಮ ಮನೆಯವರಿಗೂ ತೊಂದರೆ. ಅವರೇ ತೋರಿಸಿದ್ದನ್ನ ನೋಡಿ, ಯಾವ ಥರದ್ದು, ಯಾರ ಕಡೆಯಿಂದ ಬಂತು (ತಮ್ಮನೋ, ಸಂಘದ ಅಧ್ಯಕ್ಷೆಯೋ, ಬೂತ್‌ನವರೋ), ವಿಡಿಯೊನೋ ಧ್ವನಿಯೋ ಬರಹವೋ ಅಂತ ಪುಸ್ತಕದಲ್ಲಿ ಬರ್ಕೊಳ್ಳಿ. ಎರಡು ಬಾಣದ ಗುರುತು ಇದೆಯಾ ನೋಡಿ. ಕೈಯಿಂದ ಕೈಗೆ ಐದು ಸಲ ದಾಟಿ ಬಂದ ಸಂದೇಶಕ್ಕೆ ಅದು ಬರುತ್ತೆ. 2020ರ ಏಪ್ರಿಲ್‌ನಿಂದ ಅಂಥದ್ದನ್ನ ಒಂದು ಸಲಕ್ಕೆ ಒಂದೇ ಕಡೆ ಕಳಿಸೋಕೆ ಆಗೋದು. ದೂರದಿಂದ ಬಂದ ಸರಕು ಯಾವುದು, ಊರಲ್ಲೇ ಹುಟ್ಟಿದ್ದು ಯಾವುದು ಅನ್ನೋದಕ್ಕೆ ಅಷ್ಟು ಸುಳಿವು ಸಾಕು.

ನಿಮ್ಮ ಆ ‘ಪರಿಶೀಲಿಸಿ ಕಳುಹಿಸುತ್ತೇನೆ’ ಪ್ರಶ್ನೆ ತೆಗೆದುಬಿಡಿ. ಸುಮಿತ್ರಾ ಬದ್ರಿನಾಥನ್ ಅನ್ನೋ ಸಂಶೋಧಕಿ 2019ರ ಲೋಕಸಭಾ ಚುನಾವಣೆ ಹೊತ್ತಲ್ಲಿ ಬಿಹಾರದಲ್ಲಿ ಮನೆಮನೆಗೆ ಹೋಗಿ, ಸುಳ್ಳು ಸುದ್ದಿ ಕಂಡುಹಿಡಿಯೋದು ಹೇಗೆ ಅಂತ ಒಂದು ಗಂಟೆ ಕೂರಿಸಿ ಹೇಳಿಕೊಟ್ಟು ಪ್ರಯೋಗ ಮಾಡಿದರು. ಒಟ್ಟಾರೆ ನೋಡಿದರೆ ಹೇಳಿಸಿಕೊಂಡವರು ಹೇಳಿಸಿಕೊಳ್ಳದವರಿಗಿಂತ ಚೆನ್ನಾಗಿ ಕಂಡುಹಿಡಿಯಲಿಲ್ಲ. ನಮ್ಮ ಕಡೆ ಕಾಲೇಜುಗಳಲ್ಲಿ ಅರ್ಧ ದಿನದ ಕಾರ್ಯಾಗಾರ ಮಾಡಿ ಗುಂಪು ಫೋಟೊ ಕಳಿಸ್ತಾರೆ, ಪತ್ರಿಕೆಯಲ್ಲಿ ಹಾಕಿ ಅಂತ. ಹಾಕ್ತೀವಿ.

ಪುಸ್ತಕದ_ಮನೆ:

ನಾನು ಪಂಚಾಯ್ತಿ ಲೈಬ್ರರಿ ನೋಡ್ಕೋತೀನಿ. ಈಗ ಅರಿವು ಕೇಂದ್ರ ಅಂತ ಬೋರ್ಡ್ ಬದಲಾಗಿದೆ. ಅದಕ್ಕೆ ಮುಂಚೆ ಅಮ್ಮನ ಜೊತೆ ಸುಲಿಯೋಕೆ ಹೋಗ್ತಿದ್ದೆ, ಡಿಗ್ರಿ ಫೀಸು ಅದರಲ್ಲೇ ಕಟ್ಟಿದ್ದು. ಅಮ್ಮ ಈಗ್ಲೂ ಹೋಗ್ತಾಳೆ. ಓದಿದವರು ಹೇಳಿದ್ದು ಸರಿ ಇರಬಹುದು, ನಾನು ಅಲ್ಲಿ ಕೂತು ಕಂಡಿದ್ದು ಹೇಳ್ತೀನಿ.

ಅಕ್ಕಾ, ನಿಮ್ಮ ದೊಡ್ಡಮ್ಮ ಚೊಗರು ಅಂದ್ರಲ್ಲ, ನೆಪ ಅಲ್ಲ ಅದು. ಮೆಟ್ಟುಗತ್ತಿಯಲ್ಲಿ ಕಾಲು ಮರದ ಮೇಲೆ, ಕೈ ಎರಡೂ ಅಡಿಕೆ ಮೇಲೆ. ಬೆರಳೆಲ್ಲ ಕಪ್ಪು, ಅಂಟು. ಸೀಸನ್ ಮುಗಿಯೋವರೆಗೂ ಹೆಬ್ಬೆಟ್ಟಿನ ಗೆರೆ ಸವೆದು, ನಮ್ಮಮ್ಮಂಗೆ ರೇಷನ್ ಅಂಗಡಿ ಮಷಿನ್ನಲ್ಲಿ ಬೆರಳು ಬರಲ್ಲ, ನಾನು ಹೋಗಬೇಕು. ಅಂಥ ಕೈಯಲ್ಲಿ ಫೋನ್ ಯಾರು ಮುಟ್ತಾರೆ? ಅದಕ್ಕೇ ಅಲ್ಲಿ ಓದೋದು ಅಂತಲೇ ಇಲ್ಲ, ಎಲ್ಲ ಕೇಳೋದು. ಒಂದು ಫೋನು ಎಲ್ಲರಿಗೂ ಕೇಳೋ ಹಾಗೆ ಹಲಗೆ ಮೇಲೆ ಒರಗಿಸಿ ಇಟ್ಟಿರ್ತಾರೆ. ಯಾರದ್ದು ಫೋನು, ಯಾರು ಮುಟ್ಟಿ ಬದಲಾಯಿಸ್ತಾರೆ, ಅದನ್ನ ನೋಡಿ ಮೊದ್ಲು. ನಮ್ಮಲ್ಲಿ ಆ ಕೆಲಸ ಶಾಲೆ ಮುಗಿಸಿ ಬಂದ ಹುಡುಗೀರದ್ದು, ಅವರ ಕೈ ಚೊಕ್ಕ ಇರ್ತಿತ್ತಲ್ಲ. ನಾನೂ ಮಾಡಿದೀನಿ. “ಅದು ಬೇಡ, ಮುಂದಿನ್ದು ಹಾಕು” ಅಂತ ಹತ್ತು ಜನ ಹೇಳೋರು, ಬೆರಳು ಮಾತ್ರ ನಂದು. ಯಾವ ಭಾಷಣ ಅರ್ಧಕ್ಕೆ ಹೋಯ್ತು, ಯಾವುದು ಪೂರ್ತಿ ಓಡ್ತು ಅನ್ನೋದನ್ನ ಎಂಟನೇ ಕ್ಲಾಸಿನ ಹುಡುಗಿ ತೀರ್ಮಾನ ಮಾಡ್ತಿದ್ಲು. ಮೇಷ್ಟ್ರು ನಡುವೆ ಒಬ್ಬ ಆಳು ಅಂದ್ರಲ್ಲ, ನಮ್ಮ ಆಳು ಅವಳೇ. ನಿಮ್ಮ 300ರಲ್ಲಿ ಅವಳು ಬರಲ್ಲ, ವೋಟಿಲ್ಲ ಅಂತ.

ತೋಟದ ಅಣ್ಣಾ, ನಿಮ್ಮ ಮೇಲೆ ಸಿಟ್ಟಿಲ್ಲ. ರಾಜಕೀಯ ಮಾತಾಡ್ತೀವಿ. ನೀವು ಒಲೆ ಹತ್ರ ಹೋದಾಗ ಮಾತಾಡ್ತೀವಿ. ನಿಮ್ಮ ಚಪ್ಪಲಿ ಸದ್ದು ಎಲ್ಲರಿಗೂ ಗೊತ್ತು. ಈಗ ಅದರ ಜೊತೆ ಸಿಸಿಟಿವಿ ಬೇರೆ. ಅಡಿಕೆ ಕಳ್ಳತನ ಜಾಸ್ತಿ ಆಯ್ತು, ಹಾಕಿಸಿದ್ರಿ, ತಪ್ಪೇನಿಲ್ಲ. ಆದ್ರೆ ಅದರಲ್ಲಿ ಮಾತು ಕೇಳುತ್ತೋ ಇಲ್ವೋ ನಮಗೆ ಯಾರೂ ಹೇಳಿಲ್ಲ. ಕೇಳುತ್ತೆ ಅಂತಲೇ ಅಂದ್ಕೊಂಡು ಕ್ಯಾಮೆರಾ ಇಲ್ಲದ ಕಡೆ, ಸಿಪ್ಪೆ ರಾಶಿ ಹತ್ರ, ಎಲೆ ಹಾಕ್ಕೊಳ್ಳೋಕೆ ಎದ್ದಾಗ ಮಾತಾಡ್ತಾರೆ.

ಎಂಥ ಮಾತು ಅಂತೀರಾ. 2023ರ ಜೂನ್‌ನಲ್ಲಿ ಹೆಂಗಸರಿಗೆ ಬಸ್ಸು ಪುಕ್ಕಟೆ ಆಯ್ತಲ್ಲ. ಟಿವಿಯಲ್ಲಿ ಹೆಂಗಸರು ತುಂಬಿದ ಬಸ್ಸು ತೋರಿಸೋರು, ಹೊಗಳೋರು ಹೊಗಳೋರು, ಬೈಯೋರು ಬೈಯೋರು. ನಮ್ಮ ರೂಟಲ್ಲಿ ಓಡೋದೆಲ್ಲ ಪ್ರೈವೇಟ್ ಬಸ್ಸು. ಅದರಲ್ಲಿ ಆ ಯೋಜನೆ ನಡೆಯಲ್ಲ. ಒಬ್ಬಾಕೆ ಅಂದಿದ್ಲು, “ನಮ್ಮ ಹೆಸರಲ್ಲಿ ಬೈಸ್ಕೊಳ್ಳೋದು ಮಾತ್ರ ನಾವು, ಹತ್ತಿದ್ದು ಬಯಲುಸೀಮೆಯವರು.” ಶಿವಮೊಗ್ಗಕ್ಕೆ ಆಸ್ಪತ್ರೆಗೆ ಅಂತ ಹೋದಾಗ ಮಾತ್ರ ಅರ್ಧ ದಾರಿ ಸರ್ಕಾರಿ ಬಸ್ ಸಿಗೋದು, ಅದಕ್ಕೆ ಕಾದು ನಿಂತು ಮಗು ಜ್ವರ ಜಾಸ್ತಿ ಆಗಿದ್ದನ್ನೂ ಹೇಳಿದ್ಲು. ಗೃಹಲಕ್ಷ್ಮಿ 2000 ರೂಪಾಯಿ ಬಗ್ಗೆ ಗಂಡಸರು “ಇವರಿಗೆ ಕೆಲಸಕ್ಕೆ ಬರೋ ಮನಸ್ಸೇ ಇಲ್ಲ ಈಗ” ಅಂತಾರೆ. ಹೆಂಗಸರು ಅದನ್ನೇ ಅವರ ಥರ ಮಾತಾಡಿ ತೋರಿಸಿ ನಗ್ತಾರೆ. ಆ ನಗು ಯಾವ ಚೌಕಕ್ಕೆ ಹಾಕ್ತೀರಿ, ಒಪ್ಪುತ್ತೇನೆಗೋ ಒಪ್ಪುವುದಿಲ್ಲಕ್ಕೋ?

ಫೋನಲ್ಲಿ ಬಂದಿದ್ದನ್ನೆಲ್ಲ ನಂಬ್ತಾರೆ ಅಂತನೂ ಅಂದ್ಕೋಬೇಡಿ, ಯಾವುದನ್ನೂ ನಂಬಲ್ಲ ಅಂತನೂ ಅಂದ್ಕೋಬೇಡಿ. ದೂರದ ಊರಿನ ಗಲಾಟೆ ವಿಡಿಯೊ ಬಂದ್ರೆ ಹೆದರಿ ನಂಬಿದ್ದು ನೋಡಿದೀನಿ. ಅಡಿಕೆ ರೇಟು ಬಿದ್ದಿದೆ ಅಂತ ತೋಟದವರು ಹೇಳಿದ್ರೆ ಮಾತ್ರ ಒಬ್ಬರೂ ನಂಬಲ್ಲ. ಮಂಡಿ ರೇಟಿನ ಮೆಸೇಜು ಹುಡುಗೀರ ಹತ್ರ ಓದಿಸಿ ನೋಡ್ತಾರೆ. ಕೂಲಿ ಜಾಸ್ತಿ ಕೇಳೋ ದಿನ ರೇಟು ನೋಡ್ಕೊಂಡೇ ಹೋಗೋದು.

ಮಷಿನ್ ವಿಷಯ. ಈಗ ಅರ್ಧ ಮನೆಗಳಲ್ಲಿ ಮಷಿನ್ನೇ. ಅಡಿಕೆ ಸುರಿಯೋಕೆ, ನೋಡ್ಕೊಳ್ಳೋಕೆ ಇಬ್ಬರು ಗಂಡಸರು. ಹೆಂಗಸರು ಸುತ್ತ ಕೂತು ಅರೆಬರೆ ಸುಲಿದಿದ್ದು, ಸುಲಿಯದೆ ಉಳಿದಿದ್ದು ಆರಿಸ್ತಾರೆ. ಡಬ್ಬದ ಲೆಕ್ಕ ಹೋಗಿ ದಿನಗೂಲಿ ಆಯ್ತು. ದುಡ್ಡು ಕೆಲವರಿಗೆ ಕಮ್ಮಿ, ಕೆಲವರಿಗೆ ಜಾಸ್ತಿ. ಕೈ ಬಿರುಸು ಇದ್ದವರಿಗೆ ನಷ್ಟ, ವಯಸ್ಸಾದವರಿಗೆ ಲಾಭ, ನಮ್ಮಮ್ಮಂಗೆ ಈಗ್ಲೇ ಆರಾಮು. ಆದ್ರೆ ಆ ಸದ್ದಲ್ಲಿ ಪಕ್ಕದವಳ ಮಾತು ಕೇಳಲ್ಲ. ಹೊರಗಿನ ರಾಜ್ಯದ ಹುಡುಗರು ಇದ್ದ ಕಡೆ ಅವರು ಕಿವಿಗೆ ಇಯರ್‌ಫೋನ್ ಹಾಕ್ಕೊಂಡು ಅವರವರ ಊರಿನ ವಿಡಿಯೊ. ಎಲ್ಲರಿಗೂ ಒಂದೇ ಫೋನು ಅನ್ನೋದು ಹೋಯ್ತು. ಹೆಂಗಸರು ಮಾತಾಡೋದು ಈಗ ಚಾ ಹೊತ್ತಲ್ಲಿ, ಹೋಗ್ತಾ ಬರ್ತಾ ದಾರೀಲಿ, ಗೂಡ್ಸ್ ಆಟೊ ಹಿಂದೆ ಕೂತು. ನೀವು ಮೆಟ್ಟುಗತ್ತಿ ಮನೆ ಒಂದು, ಮಷಿನ್ ಮನೆ ಒಂದು ನೋಡಿದ್ರೆ ವ್ಯತ್ಯಾಸ ಗೊತ್ತಾಗುತ್ತೆ.

ಕೊನೇದು, ಅಪ್ಪಣೆ. ಮೊದ್ಲು ತೋಟದವರನ್ನ ಕೇಳಿ ಅವರು ಹೂಂ ಅಂದಮೇಲೆ ನಮ್ಮ ಹತ್ರ ಬಂದ್ರೆ ನಾವು ಬೇಡ ಅನ್ನೋಕಾಗುತ್ತಾ? ಅದಕ್ಕೆ ಒಪ್ಪಿಗೆ ಅಂತಾರಾ? ಮೊದ್ಲು ಹೆಂಗಸರ ಮನೆಗೆ ಹೋಗಿ, ಕೊಯ್ಲಿಗೆ ಮುಂಚೆ, ಮಳೆಗಾಲದಲ್ಲೇ. ಅವರು ಆಗಲಿ ಅಂದ್ರೆ ಅವರೇ ತೋಟದವರ ಹತ್ರ “ನಮ್ಮ ಜೊತೆ ಒಬ್ಳು ಬರ್ತಾಳೆ” ಅಂತ ಹೇಳಲಿ.

ಮತ್ತೆ ನೀವು ಸುಲಿದಿದ್ದು ಯಾರ ಡಬ್ಬಕ್ಕೆ ಹೋಗುತ್ತೆ ಅಂತ ಯೋಚನೆ ಮಾಡಿದೀರಾ? ದಿನಾ ಒಬ್ಬಳ ಪಕ್ಕ ಕೂತು ಅವಳ ಡಬ್ಬಕ್ಕೆ ಹಾಕಿದ್ರೆ ಮೂರನೇ ದಿನಕ್ಕೆ ಉಳಿದವರು ನಿಮ್ಮ ಹತ್ರ ಮಾತು ಬಿಡ್ತಾರೆ. ಪಾಳಿ ಮಾಡಿ ಹಾಕಿ. ಕಲಿಯೋವರೆಗೂ ಕಾಯಿ ಹಾಳು ಮಾಡ್ತೀರಿ, ಅದನ್ನ ಯಾರ ಲೆಕ್ಕಕ್ಕೂ ಹಾಕಬೇಡಿ, ಬೇರೆ ಇಡಿ.

ಮಳೆಗಾಲದ_ವಿದ್ಯಾರ್ಥಿನಿ:

ಎಲ್ಲರಿಗೂ ಧನ್ಯವಾದ. ಪುಸ್ತಕದ ಮನೆಯವರೇ, ನಿಮ್ಮ ಉತ್ತರದ ಪ್ರಿಂಟ್ ತೆಗೆದು ಮಾರ್ಗದರ್ಶಕರ ಮೇಜಿನ ಮೇಲೆ ಇಟ್ಟೆ, ಅಡ್ಡಿ ಇಲ್ಲ ತಾನೆ? “ಈ ಶಾಲೆ ಹುಡುಗಿಯ ಪಾತ್ರ ಸ್ವಾರಸ್ಯಕರ” ಅಂದ್ರು. ಅವರ ಬಾಯಲ್ಲಿ ಅದು ದೊಡ್ಡ ಮಾತು. ಎರಡು ಕೊಯ್ಲಿನ ಯೋಜನೆಗೆ ಪೂರ್ತಿ ಒಪ್ಪಿಲ್ಲ, “300 ಬಿಡೋ ಹಾಗಿಲ್ಲ, ಮೊದಲಿಗೆ ನೀನು ಹೇಳಿದ್ದು ಮಾಡು” ಅನ್ನೋವರೆಗೆ ಬಂದಿದಾರೆ. ಆದರೆ ಆ ಹುಡುಗೀರು 18 ದಾಟಿಲ್ಲ. ಅವರನ್ನ ಮಾತಾಡಿಸಬೇಕು ಅಂದ್ರೆ ತಂದೆ ತಾಯಿ ಒಪ್ಪಿಗೆ ಬರವಣಿಗೆಯಲ್ಲಿ ಬೇಕು ಅಂತಾರೆ ನೈತಿಕ ಸಮಿತಿಯವರು. ಸಹಿ ಮಾಡಿಸೋಕೆ ಕಾಗದ ತಗೊಂಡು ಹೋದ್ರೆ ನಮ್ಮೂರಲ್ಲಿ ಮೊದ್ಲು ಹೆದರ್ತಾರೆ.

ಸಾಗರದ_ಮೇಷ್ಟ್ರು:

ಹೆದರೋದು ಸರಿಯೇ. ನಮ್ಮ ಕಡೆ ಕಾಗದಕ್ಕೆ ಹೆಬ್ಬೆಟ್ಟು ಒತ್ತಿ ಭೂಮಿ ಕಳಕೊಂಡ ಮನೆಗಳಿವೆ. ಲಿಂಗನಮಕ್ಕಿ ಅಣೆಕಟ್ಟಿನ ನೀರಲ್ಲಿ ಊರು ಮುಳುಗಿ ಎದ್ದು ಬಂದವರ ಮೊಮ್ಮಕ್ಕಳು ಇನ್ನೂ ಹಕ್ಕುಪತ್ರಕ್ಕೆ ಅಲೀತಿದಾರೆ. ಕಾಗದ ಬೇಡ, ಓದಿ ಹೇಳಿ ಬಾಯಿಮಾತಿನ ಒಪ್ಪಿಗೆ ರೆಕಾರ್ಡ್ ಮಾಡಿಕೊಳ್ಳೋಕೆ ಅನುಮತಿ ಕೊಡಿ ಅಂತ ಸಮಿತಿಗೆ ಬರೆದು ಕೇಳು. ಓದು ಬಾರದವರ ವಿಷಯದಲ್ಲಿ, ಸಾಕ್ಷಿಯಾಗಿ ಒಬ್ಬರಿದ್ದರೆ, ಅದು ಒಪ್ಪೋ ಪದ್ಧತಿಯೇ. ಹುಡುಗೀರ ವಿಷಯ ಮಾತ್ರ ಬೇರೆ, ಅಲ್ಲಿ ಸಡಿಲ ಮಾಡಬೇಡ. ಒಪ್ಪಿಗೆ ಸಿಗದಿದ್ದರೆ ಅವರನ್ನ ಮಾತಾಡಿಸದೆ, ದೊಡ್ಡವರು ಅವರ ಬಗ್ಗೆ ಹೇಳಿದ್ದಷ್ಟನ್ನೇ ಬರಿ.

ನಾಲ್ಕೆಕರೆ_ತೋಟ:

ಚಪ್ಪಲಿ ಸದ್ದಿನ ಮಾತು ಮನೆಯಲ್ಲಿ ಓದಿ ಹೇಳಿದೆ, ಹೆಂಡತಿ ನಕ್ಕಿದ್ದೇ ನಕ್ಕಿದ್ದು. ಅವಳಿಗೆ ಮೊದ್ಲೇ ಗೊತ್ತಿತ್ತಂತೆ. ನಂಗೊಬ್ಬಂಗೇ ಗೊತ್ತಿಲ್ಲದ್ದು. ಸಿಸಿಟಿವಿಯಲ್ಲಿ ಮಾತು ಕೇಳಲ್ಲ, ಬರೀ ಚಿತ್ರ. ಹೇಳಿಬಿಡಿ ಅವರಿಗೆ. ನಾ ಹೇಳಿದ್ರೆ ನಂಬಲ್ಲ ಅಂತ ಈಗ ಗೊತ್ತಾಯ್ತು.

ವಿದ್ಯಾರ್ಥಿನಿಯವರೇ, ಕೂಲಿ, ರೇಟು, ಡಬ್ಬದ ಅಳತೆ ಎಲ್ಲ ಕೇಳಿ, ಬರೀರಿ. ನಮ್ಮ ಲೆಕ್ಕವನ್ನೂ ಪಕ್ಕದಲ್ಲಿ ಬರೀರಿ ಅಂತಷ್ಟೇ. ಸುಲಿಸೋಕೆ, ಬೇಯಿಸೋಕೆ, ಒಣಗಿಸೋಕೆ ಎಷ್ಟು ಬೀಳುತ್ತೆ ಅಂತ ಚೀಟಿ ಎಲ್ಲ ಇಟ್ಟಿದೀನಿ. ಉಳ್ಕೊಳ್ಳೋಕೆ ನಮ್ಮಲ್ಲೇ ಮೇಲ್ಗಡೆ ರೂಮಿದೆ.

ಪುಸ್ತಕದ_ಮನೆ:

ಪ್ರಿಂಟ್ ತೆಗೆದಿದ್ದಕ್ಕೆ ಅಡ್ಡಿ ಇಲ್ಲ ಅಕ್ಕಾ, ಊರ ಹೆಸರು ಮಾತ್ರ ಎಲ್ಲೂ ಬೇಡ.

ಅಣ್ಣಾ, ರೂಮು ಕೊಡ್ತೀರಿ, ದೊಡ್ಡ ಮನಸ್ಸು. ಚೀಟಿ ನೋಡೋಕೆ ಹಗಲು ಬರಲಿ. ಆದ್ರೆ ಅಕ್ಕ ನಿಮ್ಮಲ್ಲಿ ಉಳ್ಕೊಂಡ್ರೆ ರಾತ್ರಿ ಸುಲಿದು ಮುಗಿಸಿ ನಾವು ಕೆಳಗೆ ಇಳಿದು ಹೋಗ್ತೀವಿ, ಅವರು ಮೇಲೆ ಹತ್ತಿ ಹೋಗ್ತಾರೆ. ಮಾರನೇ ದಿನದಿಂದ ಅವರ ಎದುರಿಗೂ ಸೀರಿಯಲ್ ಮಾತೇ. ಹೆಂಗಸರ ಕೇರಿಯಲ್ಲೇ ಯಾರ ಮನೇಲಾದ್ರೂ ಉಳಿಯೋದು ಒಳ್ಳೇದು, ದೊಡ್ಡಮ್ಮನ ಮನೆ ಇದ್ದರೆ ಇನ್ನೂ ಸಲೀಸು. ಕೊನೇ ಬಸ್ಸು ಸಂಜೆಗೇ ಹೋಗುತ್ತೆ, ಟಾರ್ಚ್ ತನ್ನಿ. ಇಂಬಳ (ಜಿಗಣೆ) ಇನ್ನೂ ಇರುತ್ತೆ, ಸುಣ್ಣನೋ ಉಪ್ಪೋ ಒಂದು ಪೊಟ್ಟಣ ಇಟ್ಕೊಳ್ಳಿ.